ದಂಡು ಇಳಿದ ಊರು

ಮೊದಲನೆಯ ಬಿ.ಎ. ತರಗತಿಯ ವಿದ್ಯಾರ್ಥಿಗಳಿಗೆ ಈಚೆಗೆ ನಾನು ‘ನಮ್ಮ ಊರು’ ಎಂಬ ವಿಷಯವಾಗಿ ಪ್ರಬಂಧವೊಂದನ್ನು ಬರೆಯಲು ಹೇಳಿದ್ದೆ. ಇಂಥ ವಿಷಯಕ್ಕೆ ಬರತಕ್ಕ ಬರಹಗಳು ಹೇಗಿರುತ್ತವೆಂಬುದು ಅಧ್ಯಾಪಕರೆಲ್ಲರೂ ಬಲ್ಲ ಸಂಗತಿಯೇ: ಕೆರೆಯ ಏರಿ, ಅರಳಿಯ ಕಟ್ಟೆ, ಜಾತ್ರೆಯ ತೇರು, ಅಜ್ಜಿಯ ಮನೆ. ಆದರೆ ಬೆಂಗಳೂರಿನ ಉತ್ತರಕ್ಕಿರುವ ಜಾಲಹಳ್ಳಿಯ ಕಡೆಯಿಂದ ಬರುವ ಹುಡುಗನೊಬ್ಬನ ಪ್ರಬಂಧ ಆರೇ ಸಾಲುಗಳಲ್ಲಿ ಮುಗಿದಿತ್ತು. ತನಗೆ ಊರೆಂಬುದಿಲ್ಲ, ತಾತ ಕಾರ್ಖಾನೆಯ ಕೆಲಸಕ್ಕೆಂದು ಬಂದರು, ತಂದೆ ಕ್ವಾರ್ಟರ್ಸಿನಲ್ಲಿ ಹುಟ್ಟಿದರು, ಈಗ ತಾವು ಬಾಡಿಗೆಯ ಮನೆಯಲ್ಲಿದ್ದೇವೆ ಎಂದು ಆತ ಬರೆದಿದ್ದ. ಅಂಕವನ್ನು ಹಾಕಹೊರಟ ನಾನು ಲೇಖನಿಯನ್ನು ಕೆಳಗಿಟ್ಟೆ.

ಸೈನ್ಯದ ನೆಲೆಗಳೂ ರಕ್ಷಣೆಯ ಕಾರ್ಖಾನೆಗಳೂ ಕಟ್ಟಿದ ಬಡಾವಣೆಗೆ ‘ಊರು’ ಎಂಬ ಹೆಸರು ಸಲ್ಲುವುದಿಲ್ಲವೆ? ಬೆಂಗಳೂರಿನ ಮಟ್ಟಿಗಂತೂ ಈ ಸಂದೇಹಕ್ಕೆ ಆಸ್ಪದವಿಲ್ಲ. ಈ ಊರಿನ ಹೆಸರು ನಮಗೆ ಬಹು ಹಿಂದೆಯೇ ಕಾಣಸಿಗುವುದು ಕ್ರಿ.ಶ. ಸುಮಾರು 890ರ ಬೇಗೂರಿನ ವೀರಗಲ್ಲಿನಲ್ಲಿ. ಅದೂ ಬೆಂಗಳೂರಿನ ಕಾಳಗದಲ್ಲಿ ಮಡಿದವನ ನೆನಪಿಗಾಗಿ. ಕೆಂಪೇಗೌಡನು 1537ರಲ್ಲಿ ಕಟ್ಟಿಸಿದನೆಂದು ಹೇಳುವ ಊರಿಗೆ ಮಣ್ಣಿನ ಕೋಟೆಯಿತ್ತು. ನಗರದ ಸುತ್ತ ಎಷ್ಟೊಂದು ‘ಪಾಳ್ಯ’ಗಳಿವೆ! ಪಾಳೆಯವೆಂದರೆ ಸೈನ್ಯ ಬೀಡುಬಿಟ್ಟ ನೆಲ. ಪಾಳೆಯಗಾರ ಎಂಬ ಮಾತಿನ ಹಿಂದಿರುವುದೂ ಅದೇ. 1809ರಲ್ಲಿ ಆಂಗ್ಲರ ಸೈನ್ಯ ಶ್ರೀರಂಗಪಟ್ಟಣವನ್ನು ಬಿಟ್ಟು ಇಲ್ಲಿ ಇಳಿದಾಗ ನಮ್ಮ ಜನ ಅದನ್ನು ಎರಡಕ್ಷರದಲ್ಲಿ ‘ದಂಡು’ ಎಂದರು. ಬೆಂಗಳೂರು ದಂಡು ಎಂಬ ರೈಲು ನಿಲ್ದಾಣದಲ್ಲಿ ಆ ಮಾತು ಇಂದಿಗೂ ಉಳಿದಿದೆ. ದಂಡಿಗೆ ಹೆದರಲಿಲ್ಲ, ದಾಳಿಗೆ ಹೆದರಲಿಲ್ಲ, ದಾಸಯ್ಯನ ಜಾಗಟೆಗೆ ಹೆದರುತ್ತೇನೆಯೆ ಎಂಬುದು ನಮ್ಮ ಗಾದೆ. ಬಂದಿಳಿದ ದಂಡಿಗೆ ಕನ್ನಡ ಹೆದರಲಿಲ್ಲ; ಅದಕ್ಕೊಂದು ಹೆಸರನ್ನಿಟ್ಟು ತನ್ನದಾಗಿ ಮಾಡಿಕೊಂಡಿತು.

ಜಾಲಹಳ್ಳಿಯ ಕಥೆ ಇದರ ಮುಂದಿನ ಅಧ್ಯಾಯ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಲ್ಲಿ ಸೈನ್ಯದ ಆಸ್ಪತ್ರೆಗಳು ಎದ್ದವು. ಸೆರೆಸಿಕ್ಕ ಇಟಲಿಯ ಸೈನಿಕರು ಇಲ್ಲಿಗೆ ಬಂದರು. ಸ್ವಾತಂತ್ರ್ಯ ಬಂದ ಮೇಲೆ, 1949ರಲ್ಲಿ, ವಾಯುಸೇನೆಯ ತಾಂತ್ರಿಕ ಶಿಕ್ಷಣದ ಕಾಲೇಜು ಇಲ್ಲಿ ನೆಲೆಗೊಂಡಿತು. 1953ರಲ್ಲಿ ಹಿಂದೂಸ್ತಾನ್ ಮೆಷಿನ್ ಟೂಲ್ಸ್, 1954ರಲ್ಲಿ ಸೈನ್ಯಕ್ಕೆ ಬೇಕಾದ ರೇಡಿಯೋ ಮೊದಲಾದ ಉಪಕರಣಗಳಿಗಾಗಿ ಭಾರತ್ ಎಲೆಕ್ಟ್ರಾನಿಕ್ಸ್ ಹುಟ್ಟಿದವು. ಮೊದಲನೆಯದು ಯಂತ್ರಗಳನ್ನೂ ಕೈಗಡಿಯಾರಗಳನ್ನೂ ಮಾಡಿದ ಕಾರ್ಖಾನೆ, ಸೈನ್ಯಕ್ಕಾಗಿಯೇ ಹುಟ್ಟಿದ್ದಲ್ಲ; ಆದರೂ ಎರಡರ ಕೆಲಸಗಾರರೂ ನೆರೆಹೊರೆಯವರಾಗಿ ಬಾಳಿದರು. ಹಳ್ಳಿಯೊಂದು ಜಾಲಹಳ್ಳಿ ಪೂರ್ವ, ಜಾಲಹಳ್ಳಿ ಪಶ್ಚಿಮ ಎಂದು ಎರಡಾಯಿತು.

ಭಾಷೆಯ ವಿದ್ಯಾರ್ಥಿಯಾದ ನನಗೆ ಇಲ್ಲೊಂದು ವ್ಯತ್ಯಾಸ ಕಾಣುತ್ತದೆ. ನಗರದ ಪೂರ್ವದಲ್ಲಿ 1940ರಲ್ಲಿ ವಿಮಾನದ ಕಾರ್ಖಾನೆ ಬಂದಿತು; ಆ ಸ್ಥಳ ವಿಮಾನಪುರವಾಯಿತು. 1948ರಲ್ಲಿ ಟೆಲಿಫೋನ್ ಕಾರ್ಖಾನೆ ಬಂದಿತು; ಆ ಬಡಾವಣೆ ದೂರವಾಣಿನಗರವಾಯಿತು. ಜಾಲಹಳ್ಳಿಯಲ್ಲಾದರೋ ಬಿ.ಇ.ಎಲ್., ಎಚ್.ಎಂ.ಟಿ. ಎಂಬ ಬಿಡಿ ಅಕ್ಷರಗಳೇ ಕಾಲೊನಿಗೂ ವೃತ್ತಕ್ಕೂ ಹೆಸರಾಗಿ ನಿಂತವು. ನಮ್ಮ ಹುಡುಗನಿಗೆ ಊರಿಲ್ಲವೆಂದು ತೋರಿದ್ದರೆ ಅದಕ್ಕೆ ಇದೂ ಒಂದು ಕಾರಣವಾಗಿರಬಹುದು. ಬಿಡಿ ಅಕ್ಷರಗಳಲ್ಲಿ ಯಾರ ಅಜ್ಜಿಯ ಮನೆಯೂ ಇರುವುದಿಲ್ಲ.

ಪ್ರಬಂಧ ಓದಿದ ಮರುವಾರ ನಾನು ಆ ಕಡೆಗೆ ಹೋಗಿದ್ದೆ. ಗಂಗಮ್ಮನ ಗುಡಿಯ ಹತ್ತಿರ ಎಂಬತ್ತು ದಾಟಿದ ಹಿರಿಯರೊಬ್ಬರು ಸಿಕ್ಕಿದರು. ಹಳೆಯ ಹಳ್ಳಿಯವರು. ನಾನು ಯಾರೆಂದು ತಿಳಿದ ಮೇಲೆ ದೂರದ ಉದ್ದನೆಯ ಗೋಡೆಯೊಂದರ ಕಡೆಗೆ ಕೈತೋರಿ, “ಅದರೊಳಗೆ ಒಂದು ಹುಣಸೆ ಮರ ಕಾಣ್ತದಲ್ಲ ಮೇಷ್ಟ್ರೇ, ಅದು ನಮ್ಮಪ್ಪ ಹಾಕಿದ್ದು. ಅಲ್ಲೆಲ್ಲಾ ನಮ್ಮ ರಾಗಿ ಹೊಲ. ಈಗ ಹಣ್ಣು ಯಾರು ಉದುರಿಸ್ತಾರೋ” ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ತಮ್ಮನೇ ಮುಂದೆ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದನೆಂದೂ, ಅವನ ಸಂಬಳದಿಂದಲೇ ಮನೆಯ ಎರಡು ಮದುವೆಗಳು ಆದವೆಂದೂ ಅವರೇ ಹೇಳಿದರು. ಹೊಲ ಹೋದದ್ದೂ ಸತ್ಯ, ಸಂಬಳ ಬಂದದ್ದೂ ಸತ್ಯ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಬಲ್ಲ ಆ ಹಿರಿಯರಷ್ಟು ನ್ಯಾಯಬುದ್ಧಿ ಬರೆಯುವ ನಮಗೂ ಬೇಕು.

ಗೋಡೆಯ ಆಚೆಗೆ ಇನ್ನೊಂದು ಕಥೆಯಿದೆ. ಬೇರೆ ಬೇರೆ ಪ್ರಾಂತಗಳಿಂದ ಬಂದವರು, ಬೇರೆ ಬೇರೆ ಮನೆಮಾತಿನವರು, ಒಂದೇ ಸೈರನ್ನಿಗೆ ಎದ್ದು ಒಂದೇ ಕ್ಯಾಂಟೀನಿನಲ್ಲಿ ಉಂಡರು. ಕಾರ್ಖಾನೆಗಳ ಕನ್ನಡ ಸಂಘಗಳು ರಾಜ್ಯೋತ್ಸವ ನಡೆಸಿದವು, ನಾಟಕ ಆಡಿದವು, ಸಾಹಿತಿಗಳನ್ನು ಕರೆಸಿ ಮಾತನಾಡಿಸಿದವು. ಹಗಲು ಲೇತಿನ ಮುಂದೆ ನಿಂತವನು ಸಂಜೆ ಬಣ್ಣ ಹಚ್ಚಿಕೊಂಡು ರಂಗಕ್ಕೆ ಬಂದ. ಆಯುಧಪೂಜೆಯ ದಿನ ಹೆಂಡತಿ ಮಕ್ಕಳು ಹೂವು ಮುಡಿದ ಯಂತ್ರವನ್ನು ನೋಡಿ, ಅಪ್ಪನ ಕೆಲಸವೆಂದರೆ ಏನೆಂದು ಮೊದಲ ಸಲ ತಿಳಿದರು. 1980ರ ಡಿಸೆಂಬರಿನಲ್ಲಿ ಸಾರ್ವಜನಿಕ ಉದ್ಯಮಗಳ ಕೆಲಸಗಾರರು ಹೂಡಿದ ಮುಷ್ಕರ 77 ದಿನ ನಡೆಯಿತು. ಸಂಬಳವಿಲ್ಲದ ಆ ದಿನಗಳಲ್ಲಿ ಮನೆಯ ಒಲೆ ಹೇಗೆ ಉರಿಯಿತೆಂಬುದನ್ನು ಬಲ್ಲ ತಾಯಂದಿರು ಇನ್ನೂ ನಮ್ಮ ನಡುವೆ ಇದ್ದಾರೆ.

ಇವೆಲ್ಲ ನಮ್ಮ ಸಾಹಿತ್ಯದಲ್ಲಿ ಎಷ್ಟು ಮೂಡಿವೆ? ಮಲೆನಾಡಿನ ಕಾಡು, ಅಗ್ರಹಾರದ ಬೀದಿ, ಬಯಲಸೀಮೆಯ ಹಳ್ಳಿ ನಮ್ಮ ಕಾದಂಬರಿಗಳಲ್ಲಿ ಬಾಳಿರುವಂತೆ ಈ ಕಾರ್ಖಾನೆಯ ಬಡಾವಣೆ ಬಾಳಿಲ್ಲವೆಂಬುದು ನನ್ನ ಓದಿನ ಮಟ್ಟಿಗೆ ತೋರಿಬಂದಿರುವ ಸಂಗತಿ. ಕಾಲವಾದರೋ ಕಾಯುವುದಿಲ್ಲ. ಮನೆಮನೆಯ ಕೈಗಳಲ್ಲಿದ್ದ ಗಡಿಯಾರಗಳನ್ನು ಮಾಡಿದ ಎಚ್.ಎಂ.ಟಿ. ವಾಚಸ್ ಸಂಸ್ಥೆಯನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟ 2016ರಲ್ಲಿ ಒಪ್ಪಿಗೆಯಿತ್ತಿತು. ಆ ಗಡಿಯಾರಗಳಿಗೆ ಈಗ ಜಾಲಹಳ್ಳಿಯಲ್ಲಿಯೇ ಒಂದು ಸಂಗ್ರಹಾಲಯವಿದೆ. ಅದು ಸಂತೋಷದ ಸಂಗತಿಯೇ. ಆದರೆ ಅವನ್ನು ಜೋಡಿಸಿದ ಕೈಗಳವರು ಆಡಿದ ಮಾತಿಗೆ ಸಂಗ್ರಹಾಲಯವೆಲ್ಲಿದೆ? ನಿವೃತ್ತರು ಒಬ್ಬೊಬ್ಬರಾಗಿ ಹೊರಡುತ್ತಿದ್ದಾರೆ. ಸಂಘಗಳ ಸ್ಮರಣ ಸಂಚಿಕೆಗಳು ಅಟ್ಟದಿಂದ ಇಳಿದು ರದ್ದಿಯ ತಕ್ಕಡಿಯನ್ನು ಸೇರುತ್ತಿವೆ.

ರಕ್ಷಣೆಯ ವಿಷಯದಲ್ಲಿ ಗುಟ್ಟು ಅನಿವಾರ್ಯವಲ್ಲವೆ, ಅಲ್ಲಿಗೆ ಸಾಹಿತ್ಯ ಹೋಗುವುದೆಂತು ಎಂದು ಕೆಲವರು ಕೇಳಬಹುದು. ಒಪ್ಪತಕ್ಕ ಮಾತು. ಯಾವ ಯಂತ್ರ ಹೇಗೆ ನಡೆಯುತ್ತದೆಂಬುದು ನಮಗೆ ಬೇಡ. ಆದರೆ ರಾತ್ರಿಯ ಪಾಳಿ ಮುಗಿಸಿ ಬಂದ ಗಂಡ ಮಲಗಿರುವಾಗ ಮಕ್ಕಳನ್ನು ಸದ್ದಿಲ್ಲದಂತೆ ಆಡಿಸಿದ ತಾಯಿಯ ನೆನಪು ಗುಟ್ಟಲ್ಲ. ಹೊಲ ಬಿಟ್ಟುಕೊಟ್ಟ ದಿನ ಮನೆಯಲ್ಲಿ ಏನು ಅಡಿಗೆಯಾಗಿತ್ತೆಂಬುದು ಗುಟ್ಟಲ್ಲ. ಪಹರೆ ಇರುವುದು ಗೋಡೆಗೆ, ಮನುಷ್ಯರ ನೆನಪಿಗಲ್ಲ.

ಆದಕಾರಣ ನನ್ನ ಸಹೋದ್ಯೋಗಿಗಳಲ್ಲಿ ಒಂದು ಬಿನ್ನಹ. ಜನಪದ ಗೀತೆಗಳನ್ನು ಸಂಗ್ರಹಿಸಲು ವಿದ್ಯಾರ್ಥಿಗಳನ್ನು ನಾವು ದೂರದ ಹಳ್ಳಿಗಳಿಗೆ ಕರೆದೊಯ್ಯುತ್ತೇವೆ, ಅದು ನಡೆಯಲಿ. ಅದರೊಡನೆ ವರ್ಷಕ್ಕೊಮ್ಮೆ ನಮ್ಮ ನಗರದ ಈ ಅಂಚುಗಳಿಗೂ ಹೋಗೋಣ. ನಿವೃತ್ತರ ಮಾತುಗಳನ್ನೂ, ಹಳೆಯ ಹಳ್ಳಿಗಳವರ ಹೊಲ, ಕುಂಟೆ, ಮರಗಳ ಹೆಸರುಗಳನ್ನೂ ಬರೆದುಕೊಳ್ಳೋಣ. ಸಂಘಗಳ ಸಂಚಿಕೆಗಳಿಗೆ ಕಾಲೇಜಿನ ಪುಸ್ತಕಭಂಡಾರದಲ್ಲಿ ಒಂದು ಬೀರುವನ್ನು ತೆರವು ಮಾಡೋಣ. ಇದಕ್ಕೆ ಹೆಚ್ಚಿನ ಹಣ ಬೇಕಿಲ್ಲ. ಕೆಲವು ಭಾನುವಾರಗಳೂ ಕೇಳುವ ಕಿವಿಯೂ ಸಾಕು. ಪಾಳೆಯವನ್ನು ಪಾಳ್ಯವಾಗಿಸಿ ಮನೆಮಾತಿಗೆ ತಂದ ಭಾಷೆಗೆ ಈ ಬಿಡಿ ಅಕ್ಷರಗಳನ್ನೂ ಊರಾಗಿಸುವ ಶಕ್ತಿಯಿದೆ. ಆ ಕೆಲಸ ಹೆಸರು ಬದಲಾಯಿಸುವ ಫಲಕಗಳಿಂದ ಆಗತಕ್ಕದ್ದಲ್ಲ, ಅಲ್ಲಿ ಬಾಳಿದವರ ಕಥೆಯನ್ನು ಹೇಳುವುದರಿಂದ ಆಗತಕ್ಕದ್ದು.

ಆ ಹುಡುಗನ ಪ್ರಬಂಧಕ್ಕೆ ನಾನು ಇನ್ನೂ ಅಂಕ ಕೊಟ್ಟಿಲ್ಲ. “ನಿಮ್ಮ ತಾತನ ಹತ್ತಿರ ಕುಳಿತು, ಅವರನ್ನು ಕೇಳಿ, ಏಳನೆಯ ಸಾಲನ್ನು ಬರೆದುಕೊಂಡು ಬಾಪ್ಪ” ಎಂದು ಹೇಳಿ ಹಿಂದಿರುಗಿಸಿದ್ದೇನೆ.