ವಿಹಾರದ ದಿನ ಹೊರಗುಳಿದವರು



ಚಳಿಗಾಲ ಬಂತೆಂದರೆ ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ನಮ್ಮ ಸಂಘಗಳಲ್ಲಿ ವಿಹಾರದ ಮಾತು ಏಳುತ್ತದೆ. ಬಸ್ಸು ಗೊತ್ತುಮಾಡುವುದು, ತಲೆಗೆ ಇಷ್ಟೆಂದು ವಂತಿಗೆ ಎತ್ತುವುದು, ಊಟದ ಏರ್ಪಾಡು ಮಾಡುವುದು, ಎಲ್ಲವೂ ಸಂಭ್ರಮವೇ. ವರ್ಷವಿಡೀ ಒಲೆಯ ಮುಂದೆಯೋ ಟೇಬಲುಗಳ ನಡುವೆಯೋ ನಿಂತೇ ದುಡಿಯುವವನಿಗೆ ಒಂದು ದಿನದ ನೀರಾಟ ಸಣ್ಣ ಸುಖವಲ್ಲ. ಅಂಥ ಒಂದು ವಿಹಾರದಲ್ಲಿ ಕಂಡ ಸಂಗತಿಯನ್ನೇ ಇಲ್ಲಿ ಹೇಳಹೊರಟಿದ್ದೇನೆ. ಆ ಜಾಗದ ಹೆಸರು ಇಲ್ಲಿ ಬೇಡ. ಒಬ್ಬರನ್ನು ದೂರುವುದು ನನ್ನ ಉದ್ದೇಶವಲ್ಲ.

ನಮ್ಮೊಡನೆ ಬಂದಿದ್ದ ಹಿರಿಯರೊಬ್ಬರು ಮಿಲ್ಲಿನ ಸಾಂಚಾ ಖಾತೆಯಲ್ಲಿ ದುಡಿದವರು. 1982ರ ಮುಷ್ಕರದ ನಂತರ ಹೋಟೆಲು ಸೇರಿ ಗಲ್ಲೆಯಲ್ಲಿ ಕೂತವರು. ಸಕ್ಕರೆ ಕಾಯಿಲೆಯಿಂದ ಒಂದು ಕಾಲು ಹೋಗಿ ಈಗ ಗಾಲಿಕುರ್ಚಿಯಲ್ಲಿದ್ದಾರೆ. ಮೊಮ್ಮಗನ ಒತ್ತಾಯಕ್ಕೆ ಬಂದಿದ್ದರು. ಗೇಟಿನಲ್ಲಿ ಅಡ್ಡಿಯಾಗಲಿಲ್ಲ, ಇಳಿಜಾರು ಇತ್ತು. ಒಳಗೆ ಹೋದ ಮೇಲೆ ಪ್ರತಿ ಆಟಕ್ಕೂ ಮೆಟ್ಟಿಲು. ಕಚ್ಚೆ ಕಟ್ಟಿದ ನಾಲ್ವರು ಹುಡುಗರು, "ಅಣ್ಣಾ, ನಾವು ಎತ್ತಿಕೊಂಡು ಹೋಗುತ್ತೇವೆ, ಬನ್ನಿ" ಎಂದರು. ಅವರು ಒಪ್ಪಲಿಲ್ಲ. "ಅಕ್ಕಿ ಮುಡಿ ಎತ್ತಿದ ಹಾಗೆ ನನ್ನನ್ನು ಎತ್ತುವುದು ಬೇಡ ಮಾರಾಯರೇ" ಎಂದು, ನಮ್ಮ ಚಪ್ಪಲಿ-ಚೀಲಗಳ ಪಕ್ಕದಲ್ಲಿ ಸಂಜೆಯವರೆಗೆ ಕೂತರು. ಹೊರಡುವಾಗ ನಗುತ್ತಲೇ ಕೇಳಿದರು: "ನನ್ನ ಟಿಕೇಟಿಗೂ ಪೂರ್ತಿ ಹಣ ಕೊಟ್ಟಿದ್ದೀರಿ ಅಲ್ಲವೇ?"

ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಗೇಟಿನ ಬಳಿ ಇಳಿಜಾರು ಹಾಕಿದರೆ ಕರ್ತವ್ಯ ತೀರಿತೆಂದು ಮನರಂಜನಾ ಉದ್ಯಾನದವರು ತಿಳಿಯುತ್ತಾರೆ. ಒಳಗೆ ಬಿಟ್ಟುದೇ ದೊಡ್ಡದೆಂದು ನಾವೂ ತಿಳಿಯುತ್ತೇವೆ. ಟಿಕೇಟು ಕೊಳ್ಳುವುದು ಆಟಕ್ಕೆ, ಕಾಂಪೌಂಡಿನೊಳಗೆ ಕೂತಿರುವುದಕ್ಕಲ್ಲ.

ಇದು ದಯೆಯ ಮಾತಲ್ಲ, ಹಕ್ಕಿನ ಮಾತು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು 'ಸಾರ್ವಜನಿಕ ಕಟ್ಟಡ' ಎಂಬ ಮಾತಿಗೆ ಅರ್ಥ ಹೇಳುವಾಗ ಸರಕಾರದ್ದಿರಲಿ ಖಾಸಗಿಯದಿರಲಿ, ಜನರು ಮನರಂಜನೆಗಾಗಿ ಬರತಕ್ಕ ಕಟ್ಟಡವನ್ನೂ ಸೇರಿಸಿದೆ. ನಿಯಮಗಳು 2017ರಲ್ಲಿ ಹೊರಟುವು. ಹಳೆಯ ಕಟ್ಟಡಗಳನ್ನು ಸರಿಪಡಿಸಲು ಕೊಟ್ಟ ಗಡುವು ಐದು ವರ್ಷ. ಅದು 2022ರಲ್ಲೇ ಕಳೆಯಿತು. ಕಾಯಿದೆ ಮೀರಿದರೆ ಮೊದಲ ಸಲ 10,000 ರೂಪಾಯಿಯವರೆಗೆ ದಂಡ, ಮತ್ತೆ ಮೀರಿದರೆ 50,000ದಿಂದ 5 ಲಕ್ಷದವರೆಗೆ. 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಬರಿಯ ಸಲಹೆಯ ರೂಪದ ಮಾರ್ಗಸೂಚಿಗಳು ಸಾಲವು, ಕಡ್ಡಾಯವಾದ ನಿಯಮಗಳೇ ಬೇಕು ಎಂದು ಹೇಳಿದೆ.

ಇಷ್ಟಾದರೂ ಇದು ಕಟ್ಟಡದ ಮಾತಾಯಿತು. ಆಟದ ಆಸನದ ಗತಿಯೇನು? ಅಮೆರಿಕದಲ್ಲಿ 2010ರ ಮಾನದಂಡಗಳು ಇದನ್ನು ಬಿಡಿಸಿ ಹೇಳಿವೆ. ಅವು 2012ರ ಮಾರ್ಚ್ 15ರಿಂದ ಜಾರಿಯಲ್ಲಿವೆ. ಕಾಯಂ ಆಗಿ ನೆಡುವ ಹೊಸ ಆಟದಲ್ಲಿ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಈ ಮೂರರಲ್ಲಿ ಒಂದಾದರೂ ಇರತಕ್ಕದ್ದು: ಗಾಲಿಕುರ್ಚಿಯೇ ಏರಿ ನಿಲ್ಲುವ ಜಾಗ, ಕುರ್ಚಿಯಿಂದ ಸರಿದು ಕೂರಲು ಅನುಕೂಲವಾದ ಆಸನ, ಇಲ್ಲವೇ ಹಾಗೆ ಸರಿಸುವ ಸಾಧನ. ಟೆಕ್ಸಾಸಿನ ಸ್ಯಾನ್ ಆಂಟೋನಿಯೋದಲ್ಲಿ 2010ರಲ್ಲಿ ತೆರೆದ ಮಾರ್ಗನ್ಸ್ ವಂಡರ್‌ಲ್ಯಾಂಡಿನಲ್ಲಿ ಗಾಲಿಕುರ್ಚಿಯವರು ಕುರ್ಚಿಯಲ್ಲಿ ಕೂತೇ ತಿರುಗುವ ಆಟಗಳನ್ನು ಆಡುತ್ತಾರೆ. 2017ರಲ್ಲಿ ಅದರ ಪಕ್ಕದಲ್ಲೇ ಜಲಕ್ರೀಡೆಯ ಉದ್ಯಾನ ಬಂತು. ಅಲ್ಲಿ ಒತ್ತಿದ ಗಾಳಿಯ ಬಲದಿಂದ ಓಡುವ, ನೀರಿಗೆ ಕೆಡದ ಕುರ್ಚಿಗಳೂ ಇವೆ.

ಅದು ಅಮೆರಿಕ, ದುಡ್ಡಿದ್ದವರ ದೇಶ ಎನ್ನಬಹುದು. ಹಾಗಿದ್ದರೆ ಬೆಂಗಳೂರಿಗೆ ಬನ್ನಿ. ಅಲ್ಲಿಯ ಕೋಲ್ಸ್ ಪಾರ್ಕಿನಲ್ಲಿ ಅಂಗವಿಕಲ ಮಕ್ಕಳೂ ಇತರ ಮಕ್ಕಳೂ ಕೂಡಿ ಆಡತಕ್ಕ ಜಾಗ ಎದ್ದುದು 'ಕಿಲಿಕಿಲಿ' ಎಂಬ ತಂದೆತಾಯಿಗಳ ಸಂಸ್ಥೆ ನಗರ ಪಾಲಿಕೆಯ ಜೊತೆ ಕೂಡಿ ದುಡಿದುದರಿಂದ. ಕೇಳುವವರು ಒಟ್ಟಾಗಿ ಕೇಳಿದರು, ಕೆಲಸವಾಯಿತು.

ಖರ್ಚಿನ ಮಾತನ್ನೂ ನೋಡೋಣ. ನೀರಿನ ಉದ್ಯಾನಗಳ ಅಲೆಯ ಕೊಳ ಸಾಮಾನ್ಯವಾಗಿ ಸಮುದ್ರದಂಡೆಯಂತೆ ಇಳಿಜಾರಾಗಿಯೇ ಇರುತ್ತದೆ. ಅಲ್ಲಿ ಮೆಟ್ಟಿಲೇ ಇಲ್ಲ. ತುಕ್ಕು ಹಿಡಿಯದ, ದಪ್ಪ ಗಾಲಿಯ ಒಂದೆರಡು ಕುರ್ಚಿಗಳನ್ನು ಉದ್ಯಾನದವರೇ ಇಟ್ಟರೆ ನಮ್ಮ ಹಿರಿಯರು ಮೊಮ್ಮಗನೊಡನೆ ಸೊಂಟದ ಮಟ್ಟದ ನೀರಿನಲ್ಲಿ ಕೂರಬಹುದಿತ್ತು. ಇಳಿಜಾರಿಗೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು, ಶೌಚಾಲಯದ ಬಾಗಿಲಿಗೆ 900 ಮಿಲಿಮೀಟರ್ ತೆರಪು ಬೇಕು. ಇವು ಗಾರೆಯವನ ಕೆಲಸ, ರಾಕೆಟ್ ವಿದ್ಯೆಯಲ್ಲ.

ಎಲ್ಲ ಆಟಗಳಿಗೂ ಎಲ್ಲರನ್ನೂ ಬಿಡಿ ಎಂದು ನಾನು ಹೇಳುವುದಿಲ್ಲ. ತಲೆಕೆಳಗಾಗಿ ತಿರುಗುವ ಆಟದಲ್ಲಿ ಕೈಕಾಲು ಬಿಗಿಹಿಡಿದು ಕೂರಬೇಕಾಗುತ್ತದೆ. ನಡುವೆ ಯಂತ್ರ ನಿಂತರೆ ಏಣಿಯಿಂದ ಇಳಿಯಬೇಕಾಗುತ್ತದೆ. ಜೀವದ ಭಯ ನಿಜವಾದದ್ದು. ಆದರೆ ಯಾರಿಗೆ ಯಾವ ಆಟ ಆಗದು, ಯಾತಕ್ಕೆ ಆಗದು ಎಂಬುದನ್ನು ಟಿಕೇಟಿನ ಕಿಟಕಿಯ ಬಳಿಯೇ ಬರೆದು ಹಾಕತಕ್ಕದ್ದು. ಮುಕ್ಕಾಲು ಗಂಟೆ ಸರತಿಯಲ್ಲಿ ಕಾದ ಮೇಲೆ, ಆಟ ನಡೆಸುವ ಹುಡುಗ ಮೇಲಿಂದ ಕೆಳಗೆ ನೋಡಿ 'ಆಗದು' ಎನ್ನುವುದು ಸುರಕ್ಷತೆಯಲ್ಲ, ಅವಮಾನ. ಆ ಹುಡುಗನನ್ನೂ ಬಯ್ಯಬೇಡಿ. ಅವನೂ ನಮ್ಮಂತೆ ಸಂಬಳಗಾರ. ಅವನಿಗೆ ಯಾರೂ ಹೇಳಿಕೊಟ್ಟಿಲ್ಲ.

ಈಗ ನಮ್ಮ ಕೆಲಸ. ಒಂಟಿಯಾಗಿ ಹೋದ ಗಿರಾಕಿಯ ಮಾತು ಕಿಟಕಿಯಲ್ಲೇ ನಿಲ್ಲುತ್ತದೆ. ಇನ್ನೂರು ಟಿಕೇಟು ಒಟ್ಟಿಗೆ ಕೊಳ್ಳುವ ಸಂಘದ ಮಾತು ಮಾಲಿಕನವರೆಗೆ ಹೋಗುತ್ತದೆ. ಸಂಬಳ-ಬೋನಸ್ಸಿನ ವಿಷಯದಲ್ಲಿ ನಾವು ಕಲಿತ ಪಾಠ ಇದೇ ಅಲ್ಲವೇ? ಠಾಣೆಯ ಟಿಕುಜಿನಿವಾಡಿಯಿರಲಿ, ಖೋಪೋಲಿಯ ಇಮ್ಯಾಜಿಕಾ ಇರಲಿ, ಮುಂಗಡ ಕೊಡುವ ಮೊದಲು ಸಂಘದ ಕಾಗದದಲ್ಲಿ ಬರೆದು ಕೇಳಬೇಕು: ಗಾಲಿಕುರ್ಚಿಯವರು ಆಡಬಹುದಾದ ಆಟಗಳು ಯಾವುವು? ಅವರು ಬಳಸಬಹುದಾದ ಶೌಚಾಲಯವೂ ಬಟ್ಟೆ ಬದಲಿಸುವ ಕೋಣೆಯೂ ಉಂಟೇ? ಆಡಲಾಗದ ಆಟಗಳಿದ್ದರೆ ಟಿಕೇಟಿನಲ್ಲಿ ಎಷ್ಟು ಕಡಿಮೆ ಮಾಡುತ್ತೀರಿ, ಜೊತೆಯ ಸಹಾಯಕನಿಗೆ ಎಷ್ಟು? ಉತ್ತರ ಬರವಣಿಗೆಯಲ್ಲೇ ಬರಲಿ. ತೃಪ್ತಿಯಾದ ಉತ್ತರ ಕೊಟ್ಟವರಿಗೇ ನಮ್ಮ ಹಣ. ನೆರೂಳಿನ ವಂಡರ್ಸ್ ಪಾರ್ಕ್ ನವಿ ಮುಂಬಯಿ ಮಹಾನಗರಪಾಲಿಕೆಯದು, ಎಂದರೆ ತೆರಿಗೆ ಕೊಡುವ ನಾಗರಿಕರದು. ಅಲ್ಲಿಯ ಆಟಗಳ ಬಗ್ಗೆಯೂ ಇದೇ ಪ್ರಶ್ನೆಗಳನ್ನು ಕೇಳಲು ಆ ಕಡೆಯ ನಮ್ಮವರಿಗೆ ಇನ್ನೂ ಹೆಚ್ಚಿನ ಅಧಿಕಾರವಿದೆ.

ಹಾಗೆ ಕೇಳುವ ಮೊದಲು ನಮ್ಮ ಮನೆಯನ್ನೂ ನೋಡಿಕೊಳ್ಳೋಣ. ವಿಹಾರದ ಸಭೆ ಸೇರುವ ನಮ್ಮ ಸಂಘದ ಕೋಣೆಗಳಲ್ಲಿ ಎಷ್ಟು ಲಿಫ್ಟಿಲ್ಲದ ಎರಡನೆಯ ಮಾಳಿಗೆಯಲ್ಲಿವೆ? ಅಲ್ಲಿಗೆ ಬರಲಾಗದವರ ಅಭಿಪ್ರಾಯವನ್ನು ಯಾರು ಕೇಳಿದರು? ಆ ಹಿರಿಯರನ್ನು ಮೊದಲೇ ಕೇಳಿದ್ದರೆ ಅವರು ಆ ಜಾಗ ಬೇಡವೆನ್ನುತ್ತಿದ್ದರೋ ಏನೋ. ನಾವು ಬಸ್ಸಿನ ಬಾಡಿಗೆ ಕೇಳಿದೆವು, ಊಟದ ಪಟ್ಟಿ ಕೇಳಿದೆವು, ಅವರನ್ನು ಕೇಳಲಿಲ್ಲ. ತಪ್ಪಿನಲ್ಲಿ ನಮ್ಮ ಪಾಲೂ ಇದೆ.

ಇಂದು ಗಾಲಿಕುರ್ಚಿ ಅವರದು. ಒಲೆಯ ಮುಂದೆ ಇಪ್ಪತ್ತು-ಮೂವತ್ತು ವರ್ಷ ನಿಂತ ಕಾಲುಗಳು ನಾಳೆ ಏನು ಹೇಳುತ್ತವೆಯೋ ಬಲ್ಲವರಾರು? ಮುಂದಿನ ವಿಹಾರದಲ್ಲಿ ಚಪ್ಪಲಿ-ಚೀಲ ಕಾಯಲು ನಾವು ಸರತಿ ಹಾಕಿಕೊಳ್ಳೋಣ. ಆ ಹಿರಿಯರು ಮೊಮ್ಮಗನೊಡನೆ ನೀರಿನಲ್ಲಿರಲಿ.