ಗೊತ್ತಿದ್ದೂ ಗೊತ್ತಿಲ್ಲ ಎಂದವರು

ಬೀಜದಂಗಡಿಯವನೊಬ್ಬ ತಾನು ಮಾರುವ ಚೀಲದಿಂದ ನೂರು ಬೀಜ ತೆಗೆದು ಒದ್ದೆ ಗೋಣಿಯಲ್ಲಿ ಕಟ್ಟಿಟ್ಟು ನೋಡುತ್ತಾನೆ ಅನ್ನಿ. ಮೊಳೆತದ್ದು ಬರೀ ಮೂವತ್ತು. ಮರುದಿನ ರೈತ ಬಂದು ಕೇಳಿದರೆ "ಅದೆಲ್ಲ ಖಚಿತ ಹೇಳ್ಲಿಕ್ಕಾಗ್ದು, ಮಣ್ಣು-ನೀರಿನ ಮೇಲೆ ಹೋಗ್ತದೆ" ಅಂತ ಹೇಳಿ ಅದೇ ಚೀಲ ಮಾರುತ್ತಾನೆ. ಬೀಜ ಹಾಳಾದದ್ದನ್ನು ಕ್ಷಮಿಸಬಹುದು. ಪರೀಕ್ಷೆ ಮಾಡಿ ತಿಳಿದ ಮೇಲೂ ಹೀಗೆ ಹೇಳಿದ್ದನ್ನು?

ಅಮೆರಿಕದ ದೊಡ್ಡ ತೈಲ ಕಂಪೆನಿ ಎಕ್ಸಾನ್‌ನ ಕಥೆ ಹೆಚ್ಚುಕಡಿಮೆ ಹೀಗೇ ಇದೆ. ಹವಾಮಾನ ಕೆಡುವ ವಿಚಾರವಾದ್ದರಿಂದ ಇದು ಎಲ್ಲಿಯೋ ದೂರದ ಜಗಳ ಅಂತ ನಾವು ಕೃಷಿಕರು ಬಿಡುವಂತಿಲ್ಲ.

1977ರ ಜುಲೈಯಲ್ಲಿ ಜೇಮ್ಸ್ ಬ್ಲ್ಯಾಕ್ ಎಂಬ ಕಂಪೆನಿಯದ್ದೇ ವಿಜ್ಞಾನಿ ಆಡಳಿತ ಮಂಡಳಿಯ ಮುಂದೆ ವಿಷಯ ಇಟ್ಟರು. ಕಲ್ಲಿದ್ದಲು, ಎಣ್ಣೆ ಸುಟ್ಟಾಗ ಹೊರಡುವ ಇಂಗಾಲದ ಡೈ ಆಕ್ಸೈಡ್ ಭೂಮಿಯ ಶಾಖ ಹೊರಹೋಗದಂತೆ ತಡೆಯುತ್ತದೆ. ಈ ಅನಿಲ ಇಮ್ಮಡಿಯಾದರೆ ಬಿಸಿ 2ರಿಂದ 3 ಡಿಗ್ರಿ ಏರೀತು ಎಂದರು. ಮುಂದಿನ ವರ್ಷ ಅದನ್ನೇ ಬರಹದಲ್ಲಿ ಕೊಟ್ಟಾಗ ಸೇರಿಸಿದ ಒಂದು ಮಾತು ನಮಗೆ ಮುಖ್ಯ: ಕೆಲವು ದೇಶಗಳಿಗೆ ಲಾಭವಾದೀತು, ಬೇರೆ ಕೆಲವು ದೇಶಗಳ ಕೃಷಿ ಉತ್ಪನ್ನ ಇಳಿದೀತು ಅಥವಾ ನಾಶವೇ ಆದೀತು. ನಿರ್ಧಾರಕ್ಕೆ ಐದರಿಂದ ಹತ್ತು ವರ್ಷ ಸಮಯವಿದೆ ಎಂದೂ ಹೇಳಿದ್ದರು. ಈ ಮಾತು ಮೊದಲು ಹೋದದ್ದು ಬೆಳೆ ಬೆಳೆಯುವವನ ಕಿವಿಗಲ್ಲ, ಎಣ್ಣೆ ಮಾರುವವನ ಕಿವಿಗೆ!

ಆರಂಭದಲ್ಲಿ ಕಂಪೆನಿ ಕೆಲಸ ಮಾಡಿದ್ದೂ ಹೌದು. 1979ರಲ್ಲಿ 'ಎಸ್ಸೊ ಅಟ್ಲಾಂಟಿಕ್' ಎಂಬ ತೈಲ ಹಡಗಿಗೆ ಉಪಕರಣ ಜೋಡಿಸಿ, ಗಾಳಿಯಲ್ಲಿ ಮತ್ತು ಸಮುದ್ರದ ನೀರಿನಲ್ಲಿ ಈ ಅನಿಲ ಎಷ್ಟಿದೆ ಎಂದು ಅಳೆಯತೊಡಗಿದರು. 1982ರ ಒಂದು ಆಂತರಿಕ ವರದಿಯಲ್ಲಿ ಮುಂದಿನ ಲೆಕ್ಕದ ನಕ್ಷೆಯೇ ಇದೆ. 2019ರ ಹೊತ್ತಿಗೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ ಈ ಅನಿಲ ಸುಮಾರು 415 ಪಾಲು ಇರಬಹುದೆಂದು ಆ ನಕ್ಷೆ ತೋರಿಸುತ್ತದೆ. ಆ ವರ್ಷ ಹವಾಯಿ ದ್ವೀಪದ ಮೌನಾ ಲೋವಾದಲ್ಲಿ ಅಳೆದ ಸರಾಸರಿ ಸುಮಾರು 411. ಮೂವತ್ತೇಳು ವರ್ಷ ಮೊದಲು ಹಾಕಿದ ಲೆಕ್ಕ ಇದು! ವರದಿಯ ಜತೆ ಒಂದು ಸೂಚನೆ: ಕಂಪೆನಿಯವರಿಗೆ ಮಾತ್ರ, ಹೊರಗೆ ಹಂಚಬಾರದು.

ವಿಷಯ ಜಗತ್ತಿನಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ ಅಂತಲ್ಲ. ಸರಕಾರಿ ವಿಜ್ಞಾನಿಗಳು ಬರೆದಿದ್ದರು, ಕಂಪೆನಿಯ ವಿಜ್ಞಾನಿಗಳೂ ಪತ್ರಿಕೆಗಳಲ್ಲಿ ಲೇಖನ ಪ್ರಕಟಿಸಿದ್ದರು. ತಕರಾರು ಇರುವುದು ಆಮೇಲೆ ಆದದ್ದಕ್ಕೆ. 1988ರಲ್ಲಿ ಜೇಮ್ಸ್ ಹ್ಯಾನ್ಸೆನ್ ಅಮೆರಿಕದ ಸೆನೆಟ್ ಮುಂದೆ ಎಚ್ಚರಿಸಿದ ಮೇಲೆ ಸರಕಾರಗಳು ಕಾನೂನಿನ ಮಾತೆತ್ತಿದವು. ಆಗ ತೈಲ ಕಂಪೆನಿಗಳ ವರಸೆಯೇ ಬದಲಾಯಿತು. ವಿಜ್ಞಾನ ಇನ್ನೂ ಅಸ್ಪಷ್ಟ ಎಂಬುದೇ ಪಲ್ಲವಿ. 1997ರಲ್ಲಿ ಎಕ್ಸಾನ್ ಮುಖ್ಯಸ್ಥ ಲೀ ರೇಮಂಡ್ ಬೀಜಿಂಗಿಗೆ ಹೋಗಿ, ಭೂಮಿ ಇಪ್ಪತ್ತು ವರ್ಷದ ಹಿಂದಿಗಿಂತ ತಂಪಾಗಿದೆ ಎಂದರು. ಕ್ರಮವನ್ನು ಈಗ ಕೈಗೊಂಡರೂ ಇಪ್ಪತ್ತು ವರ್ಷ ಬಿಟ್ಟು ಕೈಗೊಂಡರೂ ಮಹಾ ವ್ಯತ್ಯಾಸವಾಗದು ಎಂಬ ಅರ್ಥದ ಮಾತೂ ಅಲ್ಲೇ ಬಂತು.

ಇಪ್ಪತ್ತು ವರ್ಷ ಎಂದರೇನು ಅಂತ ತೆಂಗಿನ ಸಸಿ ನೆಟ್ಟವನನ್ನು ಕೇಳಿ. ಸಸಿ ಬೆಳೆದು ತುಂಬು ಫಸಲು ಕೊಡುವ ಮರವಾಗಿರುತ್ತದೆ. ಅವರಿಗೆ ಅದು ಒಂದಷ್ಟು ಬ್ಯಾಲೆನ್ಸ್ ಶೀಟು, ನಮಗೆ ಒಂದು ತಲೆಮಾರಿನ ತೋಟ.

2015ರಲ್ಲಿ ಅಮೆರಿಕದ ಪತ್ರಕರ್ತರು ಹಳೆಯ ಕಡತ ಹುಡುಕಿ ಇದನ್ನೆಲ್ಲ ಬಯಲಿಗೆ ತಂದರು. 2023ರಲ್ಲಿ 'ಸೈನ್ಸ್' ಪತ್ರಿಕೆಯ ಅಧ್ಯಯನವೊಂದು ಕಂಪೆನಿಯ 1977ರಿಂದ 2003ರವರೆಗಿನ ಅಂದಾಜುಗಳನ್ನು ನಿಜವಾದ ತಾಪಮಾನದ ಜತೆ ತೂಗಿತು. ಶೇ. 63ರಿಂದ 83ರಷ್ಟು ಸರಿ ಬಂದಿದ್ದವು. ತಮ್ಮ ಕಾಗದಗಳಿಂದ ಬೇಕಾದ್ದನ್ನು ಮಾತ್ರ ಹೆಕ್ಕಿದ್ದಾರೆ ಎಂಬುದು ಕಂಪೆನಿಯ ವಾದ. ಹೂಡಿಕೆದಾರರಿಗೆ ಮೋಸವಾಗಿದೆ ಎಂದು ನ್ಯೂಯಾರ್ಕಿನಲ್ಲಿ ಹಾಕಿದ ದಾವೆಯನ್ನು 2019ರಲ್ಲಿ ಕಂಪೆನಿ ಗೆದ್ದದ್ದೂ ನಿಜ. ಆದರೆ ಹವಾಮಾನದ ಹೊಣೆಯಿಂದ ಅದನ್ನು ಈ ತೀರ್ಪು ಮುಕ್ತ ಮಾಡುವುದಿಲ್ಲ ಎಂದು ನ್ಯಾಯಾಧೀಶರೇ ಬರೆದಿದ್ದಾರೆ.

"ನಾವೂ ಡೀಸೆಲ್ ಪಂಪು ಓಡಿಸುವವರೇ ಅಲ್ವಾ ಮಾರಾಯ್ರೇ?" ಅಂತ ಕೇಳುವವರಿದ್ದಾರೆ. ಹೌದು, ಓಡಿಸಿದ್ದೇವೆ. ಬೇರೆ ದಾರಿ ಕೈಗೆಟಕುವಂತೆ ಇರಲಿಲ್ಲ. ಇದೇ ಎಕ್ಸಾನ್ ಎಪ್ಪತ್ತರ ದಶಕದಲ್ಲಿ ಸೌರ ಫಲಕ ತಯಾರಿಸುವ ಕಂಪೆನಿಗೆ ಹಣ ಹಾಕಿ, ಎಂಬತ್ತರ ದಶಕದಲ್ಲಿ ಕೈಬಿಟ್ಟಿತು. ಇಂದು ಗದ್ದೆಯ ಬದಿಯಲ್ಲಿ ಸೋಲಾರ್ ಪಂಪು ನೋಡುವಾಗ, ಇದು ಇನ್ನೂ ಮೊದಲೇ ಬರಬಹುದಿತ್ತಲ್ಲ ಎನಿಸದೆ ಇರದು. ಕೊಳ್ಳುವವನ ಪಾಲು, ತಿಳಿದೂ ಮಾರಿದವನ ಪಾಲು ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ನ್ಯಾಯವಲ್ಲ.

ಇದರಿಂದ ನಾವು ಕಲಿಯಬೇಕಾದ್ದು ಎರಡು. ಒಂದು, ಬೀಜವಿರಲಿ, ಔಷಧಿಯಿರಲಿ, ಮಾರುವವರು ತಾವೇ ಮಾಡಿದ ಪರೀಕ್ಷೆಯ ಪೂರ್ತಿ ಫಲಿತಾಂಶ ಬಹಿರಂಗಪಡಿಸಲಿ ಎಂದು ನಮ್ಮ ಸಂಘಗಳು ಪಟ್ಟು ಹಿಡಿಯಬೇಕು. ಜಾಹೀರಾತಿನ ಕರಪತ್ರ ಸಾಲದು. "ಇನ್ನೂ ಸಾಬೀತಾಗಿಲ್ಲ" ಎಂದು ಯಾರಾದರೂ ಹೇಳಿದರೆ, ನಿಮ್ಮ ಒಳಗಿನ ವರದಿ ಏನನ್ನುತ್ತದೆ ಅಂತ ಕೇಳೋಣ.

ಎರಡು, ನಮ್ಮ ಲೆಕ್ಕ ನಾವೇ ಇಡಬೇಕು. ಅಂಗಳದಲ್ಲೊಂದು ಮಳೆಮಾಪಕ, ಒಂದು ನೋಟ್ ಪುಸ್ತಕ. ಮಳೆ ಎಂದು ಬಂತು, ಎಷ್ಟು ಮಿಲ್ಲಿಮೀಟರ್, ಹೂ ಯಾವಾಗ ಬಿಟ್ಟಿತು, ರೋಗ ಯಾವಾಗ ಬಂತು. ಖರ್ಚು ಅಲ್ಪ. ಹತ್ತು ವರ್ಷದ ದಾಖಲೆ ಹತ್ತು ಮನೆಯಲ್ಲಿದ್ದರೆ, ಊರಿನ ಹವಾಮಾನದ ಬಗ್ಗೆ ನಮಗೆ ಸುಳ್ಳು ಹೇಳುವುದು ಸುಲಭವಲ್ಲ. ಬರೆದಿಟ್ಟುಕೊಂಡವರು ಎಷ್ಟು ಮಂದಿ ಇದ್ದೀರಿ? ಪತ್ರಿಕೆಗೆ ತಿಳಿಸಿ. ಉಳಿದವರಿಗೂ ಉಪಯೋಗವಾದೀತು.