ಉಭಯ ಉಳಿಯಿತು, ಕುಶಲ ಹೋಯಿತು

ಹೇಳಿದುದನ್ನು ಹೇಳಿದಂತೆಯೇ ಮಾಡುವ ಆಳು ಸಿಕ್ಕರೆ ಮನೆಯೊಡತಿಗೆ ಸಂತೋಷವೇ. ಆದರೆ ಆ ಮಾತಿಗೆ ಆಳು ಬೇರೊಂದು ಅರ್ಥ ಕಲಿತು ಬಂದಿದ್ದರೆ ಫಜೀತಿ ತಪ್ಪದು. ಗಣಕಯಂತ್ರ ಅಂತಹ ಆಳು.

ಕಾಲೇಜು ವಿದ್ಯಾರ್ಥಿನಿಯೊಬ್ಬಳು ತಾತನ ಹಳೆಯ ಕಾಗದಗಳನ್ನೆಲ್ಲ ಗಣಕದಲ್ಲಿ ಬೆರಳಚ್ಚು ಮಾಡಿ, ಅವರು ಬಳಸಿದ ಪದಗಳ ಪಟ್ಟಿ ಸಿದ್ಧಪಡಿಸಲು ಹೊರಟಳು. ಪೈಥಾನ್ ಭಾಷೆಯಲ್ಲಿ ನಾಲ್ಕೇ ಸಾಲಿನ ಕೆಲಸ. ಮೊದಲು ‘ಕಮಲ’ ಎಂಬ ಪದವನ್ನು ಕೊಟ್ಟು ನೋಡಿದಳು; ಇಡಿಯಾಗಿಯೇ ಬಂದಿತು. ಬಳಿಕ ಕಾಗದಗಳನ್ನು ಒಪ್ಪಿಸಿದಳು. ‘ಉಭಯ ಕುಶಲೋಪರಿ’ಯಲ್ಲಿ ‘ಉಭಯ’ ಉಳಿಯಿತು. ‘ಕುಶಲೋಪರಿ’ ಮಾತ್ರ ‘ಕ’, ‘ಶಲ’, ‘ಪರ’ ಎಂದು ಮೂರು ಚೂರಾಯಿತು. ‘ಕನ್ನಡ’ವೂ ‘ಕನ’, ‘ನಡ’ ಎಂದು ಇಬ್ಭಾಗವಾಯಿತು. ತಾತನ ನುಡಿಯೇ ಪಟ್ಟಿಯಿಂದ ಮಾಯವಾಗಿತ್ತು.

ಇದು ಯಂತ್ರದ ಮರೆವಲ್ಲ. ಅವಳು ಬಳಸಿದ್ದು ರೆಗ್ಯುಲರ್ ಎಕ್ಸ್‌ಪ್ರೆಷನ್ ಎಂಬ ಸಂಕೇತಸೂತ್ರ. ಅದರ ಗಣಿತವನ್ನು ಸ್ಟೀಫನ್ ಕ್ಲೇನಿ 1956ರಲ್ಲಿ ಪ್ರಕಟಿಸಿದರು. ಬರಹದಲ್ಲಿ ಹುಡುಕುವ ಕೆಲಸಕ್ಕೆ ಅದನ್ನು ಹೂಡುವ ಬಗೆಯನ್ನು ಕೆನ್ ಥಾಂಪ್ಸನ್ 1968ರಲ್ಲಿ ತಿಳಿಸಿದರು. ಈ ಸೂತ್ರದಲ್ಲಿ ‘ಪದದೊಳಗೆ ಬರಬಹುದಾದುದು’ ಎಂಬುದಕ್ಕೊಂದು ಸಂಕೇತವುಂಟು. ಪೈಥಾನಿನೊಡನೆಯೇ ಬರುವ ಸಾಧನಕ್ಕೆ ಅದರ ಅರ್ಥ ಅಕ್ಷರ, ಅಂಕಿ, ಅಡಿಗೆರೆ, ಇಷ್ಟೆ. ಜಗತ್ತಿನ ಲಿಪಿಗಳಿಗೆ ಸಂಖ್ಯೆ ಹಂಚಿಕೊಡುವ ಯೂನಿಕೋಡ್ ‘ಕ’ವನ್ನು ಅಕ್ಷರವೆಂದೂ, ಕೊಂಬು, ಇಳಿ, ಗುಡಿಸು, ಒತ್ತಕ್ಷರವನ್ನು ಕಟ್ಟುವ ವಿರಾಮ, ಇವುಗಳನ್ನು ‘ಚಿಹ್ನೆ’ಗಳೆಂದೂ ವಿಂಗಡಿಸಿದೆ. ಚಿಹ್ನೆ ಎದುರಾದೊಡನೆ ಸೂತ್ರವು ಪದ ಮುಗಿಯಿತೆಂದು ಭಾವಿಸುತ್ತದೆ. ಸ್ವರ ವ್ಯಂಜನಗಳನ್ನು ಬಿಡಿಬಿಡಿಯಾಗಿ ಬರೆಯುವ ಇಂಗ್ಲಿಷಿಗೆ ಇದರಿಂದ ಬಾಧೆಯಿಲ್ಲ. ಕಾಗುಣಿತವೇ ಜೀವಾಳವಾದ ಕನ್ನಡಕ್ಕೆ ಇದು ಕೊಡಲಿಯೇಟು.

ಚಿಹ್ನೆಗಳೂ ಪದಕ್ಕೆ ಸೇರಿದವೆಂದು ಯೂನಿಕೋಡಿನ ಸಲಹೆಯೇ ಹೇಳುತ್ತದೆ. ಪರ್ಲ್ ಭಾಷೆ ಅದರಂತೆ ನಡೆಯುತ್ತದೆ. ಪೈಥಾನಿನಲ್ಲಿಯೂ ಪರಿಹಾರ ಕಷ್ಟವಲ್ಲ. ಆ ಸಂಕೇತವನ್ನು ಬಿಟ್ಟು, ಯೂನಿಕೋಡ್ ಕನ್ನಡಕ್ಕೆ ಮೀಸಲಿಟ್ಟ 128 ಸ್ಥಾನಗಳ ಮೊದಲನ್ನೂ ಕೊನೆಯನ್ನೂ ಸೂತ್ರದಲ್ಲಿ ಹೆಸರಿಸಿದರೆ ಸಾಕು. ಹುಡುಗಿ ಹಾಗೆಯೇ ಮಾಡಿದಳು. ‘ಕುಶಲೋಪರಿ’ ಒಂದೇ ಪದವಾಗಿ ಮರಳಿತು.

‘ಕಮಲ’ದಲ್ಲಿ ಗುಣಿತವೂ ಇಲ್ಲ, ಒತ್ತೂ ಇಲ್ಲ. ಸುಲಭವಾದುದನ್ನು ಕೊಟ್ಟು ಪರೀಕ್ಷಿಸಿದವರಿಗೆ ಯಂತ್ರ ಸುಲಭವಾಗಿಯೇ ಉತ್ತೀರ್ಣವಾಗುತ್ತದೆ. ಅದನ್ನು ನಂಬುವ ಮೊದಲು ‘ಕ್ಷೇಮವೇ?’ ಎಂದು ಕೇಳಿ ನೋಡುವುದು ಲೇಸು.